ಮನೆಗೆ ತಲುಪಿಸಿದ ಡಬ್ಬಿ

"ನನ್ನ ಮಗ ಇಲ್ಲಿಗೆ ಬರ್ತಾನಾ, ಇಲ್ವಾ? ಅಷ್ಟು ಹೇಳಿಬಿಡಿ, ಎದ್ದು ಹೋಗ್ತೀನಿ."

ತೊಕುನಾಗಾ ಹಿಸಾಯೊ ಹಾಗೆ ಕೇಳಿದ್ದು ಅದು ಎರಡನೆಯ ಸಲ. ಎಪ್ಪತ್ತು ದಾಟಿದ ಹೆಂಗಸು. ಕಡಿದಾದ ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಬಿಸಿಲಿನ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೀಸಣಿಗೆಯನ್ನು ಬಿಚ್ಚಿ, ಬೀಸುವುದನ್ನು ಮರೆತು ಕೂತಿದ್ದರು. ಮೇಜಿನ ಈಚೆ ಶಿರಕತಾ ಕಿನುಕೊ ಕೂತಿದ್ದಳು. ಅವಳೂ ಎರಡನೆಯ ಸಲ ಅದೇ ಉತ್ತರ ಕೊಟ್ಟಳು.

"ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾವು ಯಾರಿಗೂ ಹೇಳೋದಿಲ್ಲ, ತೊಕುನಾಗಾ-ಸಾನ್."

"ಹೇಳೋದಿಲ್ವಾ? ನಿನ್ನೆ ಮಧ್ಯಾಹ್ನ ಅವನ ಊಟದ ಡಬ್ಬಿ ಹಿಡ್ಕೊಂಡು ನಮ್ಮನೆ ಬಾಗಿಲಿಗೆ ಬಂದಿದ್ದು ಮತ್ಯಾರು? ನಿಮ್ಮ ಅವಳಿ ತಂಗಿನಾ?"

ಕಿನುಕೊ ತಲೆ ತಗ್ಗಿಸಿದಳು. ಅವಳಿಗೆ ಅವಳಿ ತಂಗಿ ಇರಲಿಲ್ಲ. ಡಬ್ಬಿ ಹಿಡಿದುಕೊಂಡು ಹೋದವಳು ಅವಳೇ, ಅದೂ ಜುಲೈ ತಿಂಗಳ ನಡುನೆತ್ತಿಯ ಬಿಸಿಲಲ್ಲಿ, ತನ್ನ ಊಟದ ವಿರಾಮ ಬಿಟ್ಟುಕೊಟ್ಟು, ಹೆಮ್ಮೆಯಿಂದ.

ಆ ಹೆಮ್ಮೆ ಎಲ್ಲಿಂದ ಬಂತು ಅನ್ನುವುದನ್ನು ಹೇಳದಿದ್ದರೆ ಕಿನುಕೊಗೆ ಅನ್ಯಾಯವಾಗುತ್ತದೆ. ಇಮಾಬಾರಿಯ ಬಂದರಿನಲ್ಲಿ, ದ್ವೀಪಗಳಿಗೆ ಹೋಗುವ ದೋಣಿಗಳ ಕಟ್ಟೆಯ ಹತ್ತಿರ, ಮರೆತುಹೋದ ವಸ್ತುಗಳ ಕಿಟಕಿ ಅಂತ ಒಂದಿತ್ತು. ಅಲ್ಲಿ ಅವಳು ಇಪ್ಪತ್ತಾರು ವರ್ಷ ಕೂತಿದ್ದಳು. ಕೊಡೆ, ಹಲ್ಲಿನ ಸೆಟ್ಟು, ಒಂದು ಸಲ ಜೀವಂತ ಏಡಿಗಳ ಬುಟ್ಟಿ, ಇನ್ನೊಂದು ಸಲ ಮದುಮಗಳ ಬಿಳಿಯ ಕಾಲುಚೀಲ. ಏನೇ ಸಿಗಲಿ, ವಿಳಾಸ ಹುಡುಕಿ, ನಾಲ್ಕು ಜನರನ್ನು ಕೇಳಿ, ಒಡೆಯನ ಮನೆಗೆ ಮುಟ್ಟಿಸದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಏಡಿಗಳನ್ನಂತೂ ಸಾಯುವ ಮೊದಲೇ ಮುಟ್ಟಿಸಿದ್ದಳು. ದೋಣಿಗಳು ಕಡಿಮೆಯಾಗಿ ಆ ಕಿಟಕಿ ಮುಚ್ಚಿತು. ಎರಡು ವರ್ಷ ಮನೆಯಲ್ಲಿ ಬೇಸರಪಟ್ಟು, ಈ ವಸಂತದಲ್ಲಿ ಕುಸುನೋಕಿ ಸೆನ್ಸೇಯವರ ಸಲಹಾ ಕೋಣೆಗೆ ಸ್ವಾಗತದ ಮೇಜಿನ ಕೆಲಸಕ್ಕೆ ಸೇರಿದ್ದಳು.

ಎಲ್ಲರೂ ಗೌರವದಿಂದ ಸೆನ್ಸೇ, ಅಂದರೆ ಗುರುಗಳು, ಅನ್ನುವ ಅವರು ಮನಃಶಾಸ್ತ್ರಜ್ಞೆ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ; ಬರುವುದಕ್ಕೆ ಮುಂದಿನ ಮೆಟ್ಟಿಲು, ಹೋಗುವುದಕ್ಕೆ ಹಿಂದಿನದು, ಒಬ್ಬರ ಮುಖ ಇನ್ನೊಬ್ಬರು ನೋಡಬಾರದು ಅಂತ. ಹೆಸರು ಹಿಡಿದು ಯಾರನ್ನೂ ಕರೆಯುವಂತಿಲ್ಲ. ದಾರಿಯಲ್ಲಿ ಸಿಕ್ಕರೆ ಅವರಾಗಿ ನಕ್ಕರಷ್ಟೇ ನಗಬೇಕು. ಮೊದಲ ದಿನ ಕೊಟ್ಟ ನಿಯಮದ ಪುಸ್ತಕದಲ್ಲಿ, ಮರೆತುಹೋದ ವಸ್ತು ಇಲ್ಲೇ ಇರಬೇಕು, ಒಡೆಯ ತಾನಾಗಿ ಕೇಳುವವರೆಗೆ ಯಾರೂ ಅದರ ಹಿಂದೆ ಹೋಗಬಾರದು ಅಂತಲೂ ಬರೆದಿತ್ತು. ಕಿನುಕೊ ಅದನ್ನು ಓದಿದ್ದಳು. ಕೊಡೆಗೆ ಹೇಳಿದ ಮಾತು ಅಂದುಕೊಂಡಿದ್ದಳು. ಅನ್ನ ಹಳಸುತ್ತದಲ್ಲ!

ಪ್ರತಿ ಬುಧವಾರ ಹತ್ತು ಗಂಟೆಗೆ ಬರುವ ಹಿಸಾಯೊ ಅವರ ಮಗ, ಹಡಗುಕಟ್ಟೆಯ ವೆಲ್ಡರ್ ಶೂಹೇ, ನಿನ್ನೆ ಮಧ್ಯಾಹ್ನದ ಪಾಳಿಗೆ ಹೋಗುವ ಅವಸರದಲ್ಲಿ ಡಬ್ಬಿಯನ್ನು ಕುರ್ಚಿಯ ಕೆಳಗೆ ಬಿಟ್ಟುಹೋಗಿದ್ದ. ನೀಲಿ ಬಟ್ಟೆಯ ಗಂಟು, ಅಂಚಿನಲ್ಲಿ ಹೆಸರು ಹೊಲಿದಿತ್ತು. ಅವನ ಮನೆ ಕಿನುಕೊಗೆ ಗೊತ್ತು. ಹಿಸಾಯೊ ಎಷ್ಟೋ ಸಲ ದ್ವೀಪದ ದೋಣಿಯಲ್ಲಿ ಕಿತ್ತಳೆಯ ಚೀಲ ಹೊತ್ತು ಆ ಕಟ್ಟೆಗೆ ಬಂದವರು; ಒಮ್ಮೆ ಮರೆತ ಚೀಲವನ್ನು ಅವಳೇ ಮನೆಗೆ ಮುಟ್ಟಿಸಿದ್ದಳು. ಬಾಗಿಲಲ್ಲಿ ನಿಂತು, "ನಿಮ್ಮ ಮಗ ನಮ್ಮಲ್ಲಿ ಬಿಟ್ಟುಹೋಗಿದ್ದ" ಅಂದಳು. ನಿಮ್ಮಲ್ಲಿ ಅಂದರೆ ಎಲ್ಲಿ ಅಂತ ಅವರು ಕೇಳಿದರು. ಕನ್ನಡಕದ ಅಂಗಡಿಯ ಮೇಲೆ ಅಂದಳು. ಅಷ್ಟೇ. ಬೆವರು ಒರೆಸಿಕೊಂಡು, ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ವಾಪಸು ಬಂದಿದ್ದಳು. ಇವತ್ತು ಹಿಸಾಯೊ ಕೆಳಗೆ ನಿಂತು, ಮೆಟ್ಟಿಲ ಪಕ್ಕದ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿ, ಮೇಲೆ ಬಂದು ಎದುರಿಗೆ ಕೂತಾಗಲೇ ತಾನು ಮನೆಗೆ ತಲುಪಿಸಿದ್ದು ಬರಿಯ ಡಬ್ಬಿಯನ್ನಲ್ಲ ಅಂತ ಹೊಳೆದದ್ದು.

ಗಂಟೆ ಹನ್ನೊಂದೂವರೆ. ಸೆನ್ಸೇ ಒಳಗೆ ಇನ್ನೊಬ್ಬರ ಜೊತೆ ಇದ್ದರು. ಹನ್ನೆರಡರವರೆಗೆ ಆ ಬಾಗಿಲು ಬೆಂಕಿ ಬಿದ್ದರಷ್ಟೇ ತಟ್ಟುವಂಥದ್ದು.

ಹಿಸಾಯೊ ದನಿ ತಗ್ಗಿಸಿದರು. ಆಮೇಲಿನದೆಲ್ಲ ಗಲಾಟೆಗಿಂತ ಕಷ್ಟವಾಗಿತ್ತು. ಚಳಿಗಾಲದಿಂದ ಹುಡುಗ ಊಟಕ್ಕೆ ಕೂತರೆ ಬಾಯಿ ಬಿಡುವುದಿಲ್ಲವಂತೆ. ಮಿಸೊ ಸಾರು ಆರಿಹೋಗುವವರೆಗೆ ಬಟ್ಟಲನ್ನೇ ನೋಡುತ್ತಾನಂತೆ. ಬುಧವಾರ ಪಾಳಿ ಒಂದು ಗಂಟೆಗೆ, ಮನೆ ಬಿಡುವುದು ಒಂಬತ್ತಕ್ಕೆ. ಯಾವುದೋ ಹುಡುಗಿ ಇರಬೇಕು ಅಂತ ತಾನು ಒಳಗೊಳಗೇ ಖುಷಿಪಟ್ಟಿದ್ದರಂತೆ. ಡಬ್ಬಿಗೆ ಇನ್ನೊಂದು ಮೊಟ್ಟೆಯ ಸುರುಳಿ ಜಾಸ್ತಿ ಇಡುತ್ತಿದ್ದರಂತೆ, ಇಬ್ಬರೂ ತಿನ್ನಲಿ ಅಂತ.

"ಅವನಿಗೆ ಏನಾಗಿದೆ ಅಂತ ಕೇಳ್ತಿಲ್ಲ ನಾನು. ನನ್ನಿಂದ ಏನಾದ್ರೂ ಆಯ್ತಾ? ಅದಕ್ಕಾದ್ರೂ ತಲೆ ಆಡಿಸಿ. ಬಾಯಿ ಬಿಡೋದು ಬೇಡ."

ಕಿನುಕೊಗೂ ಒಬ್ಬ ಮಗನಿದ್ದಾನೆ. ಇಂಥ ಪ್ರಶ್ನೆಗೆ ಕುತ್ತಿಗೆ ತನ್ನಷ್ಟಕ್ಕೆ ಆಡಿಬಿಡುತ್ತದೆ. ಅವಳು ಎರಡೂ ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದಳು. ಸತ್ಯ ಹೇಳಬೇಕೆಂದರೆ ಆ ಹುಡುಗ ಒಳಗೆ ಏನು ಮಾತಾಡುತ್ತಾನೆ ಅನ್ನುವುದು ಅವಳಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಆ ಕಡತಗಳ ಬೀಗದ ಕೈ ಸೆನ್ಸೇಯ ಕೊರಳಲ್ಲಿತ್ತು. ಗೊತ್ತಿಲ್ಲ ಅಂತ ಹೇಳೋಣವೆಂದರೆ ಅದೂ ಬರುತ್ತಾನೆ ಅಂತ ಒಪ್ಪಿದ ಹಾಗೆ.

ಆಗ ಒಂದು ಸುಲಭದ ದಾರಿ ಕಂಡಿತು. ಕೆಳಗಿನ ಅಂಗಡಿಯ ನೊಮಾ-ಸಾನ್ ಒಳ್ಳೆಯ ಮುದುಕ. ಡಬ್ಬಿ ಕನ್ನಡಕದ ಅಂಗಡಿಯಲ್ಲಿ ಸಿಕ್ಕಿತು, ನಾನು ಸುಮ್ಮನೆ ತಂದುಕೊಟ್ಟೆ, ನಿಮ್ಮ ಮಗ ಕಣ್ಣು ತೋರಿಸಲು ಬಂದಿದ್ದನಂತೆ ಅಂದುಬಿಟ್ಟರೆ ಆಯಿತು. ಒಂದು ಮಾತು ಹೇಳಿದರೆ ನೊಮಾ-ಸಾನ್ ಹೌದು ಅನ್ನುತ್ತಾರೆ. ಹಿಸಾಯೊ ನಂಬುತ್ತಾರೋ ಇಲ್ಲವೋ, ನಂಬಿದ ಹಾಗೆ ಮಾಡಿ ಎದ್ದು ಹೋಗುತ್ತಾರೆ. ಶೂಹೇ ಬಚಾವು. ಕಿನುಕೊಳ ಕೆಲಸವೂ ಬಚಾವು. ಮಾತು ನಾಲಗೆಯ ತುದಿಗೆ ಬಂದಿತ್ತು.

ಆದರೆ ನಿನ್ನೆಯೂ ಅವಳು ಮಾಡಿದ್ದು ಇದನ್ನೇ ಅಲ್ಲವೆ, ಅವನನ್ನು ಕೇಳದೆ ಅವನ ವಿಷಯವಾಗಿ ಬಾಯಿಬಿಟ್ಟದ್ದು? ಒಳ್ಳೆಯದಕ್ಕೆ ಹೇಳಿದ ಸುಳ್ಳೂ ಅವನ ಸೊತ್ತಿಗೆ ಕೈಹಾಕಿದ್ದೇ. ಸಂಜೆ ಊಟಕ್ಕೆ ಕೂತಾಗ ತಾಯಿ ಕನ್ನಡಕದ ಮಾತೆತ್ತಿದರೆ, ಅವನು ತನಗೇ ಗೊತ್ತಿಲ್ಲದ ಕಥೆಯೊಳಗೆ ಸಿಕ್ಕಿಬೀಳುತ್ತಾನೆ. ಇಲ್ಲ, ಸಾಕು ಅಂದುಕೊಂಡಳು.

"ತೊಕುನಾಗಾ-ಸಾನ್, ನಿನ್ನೆ ನಾನು ನಿಮ್ಮ ಮನೆಗೆ ಬಂದದ್ದು ನನ್ನ ತಪ್ಪು. ಅದರ ಬಗ್ಗೆ ಇದಕ್ಕಿಂತ ಒಂದು ಮಾತೂ ಹೆಚ್ಚು ಹೇಳಲಾರೆ. ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾವು ಯಾರಿಗೂ ಹೇಳೋದಿಲ್ಲ."

"ಬರಲ್ಲ ಅನ್ನೋ ಹಾಗಿದ್ರೆ ಬರಲ್ಲ ಅಂತ ಬಿಡುಬೀಸಾಗಿ ಹೇಳ್ತಿದ್ರಿ. ಹೇಳ್ತಿಲ್ಲ ಅಂದ್ರೆ ಬರ್ತಾನೆ ಅಂತಾಯ್ತು. ನನಗೇನು ಅಷ್ಟೂ ಲೆಕ್ಕ ಬರಲ್ವಾ?"

"ನಾಳೆ ನಿಮ್ಮ ಪಕ್ಕದ ಮನೆಯವರು ಬಂದು, ಹಿಸಾಯೊ-ಸಾನ್ ನಿಮ್ಮಲ್ಲಿಗೆ ಬರ್ತಾರಾ ಅಂತ ನನ್ನ ಕೇಳ್ತಾರೆ ಅಂದ್ಕೊಳ್ಳಿ."

"ಬಂದ್ರೂ ಬಂದಾಳು ಅವಳು. ಅವಳ ಮೂಗು ಎಲ್ಲಿ ತೂರಲ್ಲ. ಆದ್ರೆ ನಾನ್ಯಾಕೆ ಇಲ್ಲಿಗೆ ಬರ್ಲಿ?"

"ಬರಲ್ಲ. ಆದ್ರೂ ಅವರಿಗೆ ನಾನು ಹೇಳೋದು ಇದೇ ಮಾತು. ಬರಲ್ಲ ಅಂತ ಹೇಳೋದಿಲ್ಲ."

ಹಿಸಾಯೊ ಬೀಸಣಿಗೆಯನ್ನು ಮಡಿಚಿದರು. ಆ ಪಕ್ಕದ ಮನೆಯವಳು ಈ ಕುರ್ಚಿಯಲ್ಲಿ ಕೂತು ತನ್ನ ವಿಷಯ ಕೇಳುವುದನ್ನು ಒಂದು ಗಳಿಗೆ ಕಣ್ಣ ಮುಂದೆ ತಂದುಕೊಂಡಿರಬೇಕು. ಕಿನುಕೊಳನ್ನು ಮೇಲಿಂದ ಕೆಳಗೆ ನೋಡಿ, ದೋಣಿಯ ಕಟ್ಟೆಯಲ್ಲಿದ್ದಾಗ ನೀವು ಇಷ್ಟು ಕಲ್ಲಾಗಿರಲಿಲ್ಲ ಅಂದರು. ಇರಲಿಲ್ಲ, ಅಂತ ಕಿನುಕೊ ಒಪ್ಪಿಕೊಂಡಳು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅವರು ಪಕ್ಕದ ಕಂಬಿ ಹಿಡಿದು ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಕಿನುಕೊ ಮೇಲೆ ತಲೆಬಾಗಿ ನಿಂತೇ ಇದ್ದಳು.

ಸೆನ್ಸೇ ಹೊರಗೆ ಬಂದ ಕೂಡಲೇ, ಅವರು ಚಹದ ಲೋಟಕ್ಕೆ ಕೈ ಚಾಚುವ ಮೊದಲೇ, ಎಲ್ಲವನ್ನೂ ಹೇಳಿದಳು. ಬಿಸಿಲು, ಅನ್ನ ಹಳಸುವುದು ಇತ್ಯಾದಿಯನ್ನೂ ಹೇಳಹೊರಟವಳು ಅರ್ಧಕ್ಕೇ ನಿಲ್ಲಿಸಿ, ಪುಸ್ತಕದಲ್ಲಿ ಬರೆದಿತ್ತು, ನಾನು ಮೀರಿದೆ ಅಂದಳು. ಸೆನ್ಸೇ ಬೈಯಲಿಲ್ಲ. ಕಡತದ ಕಪಾಟು ತೆಗೆದು ಒಂದೇ ಒಂದು ಹಾಳೆ ಹೊರಗೆ ತಂದರು. ಮೊದಲ ಭೇಟಿಯಲ್ಲಿ ಪ್ರತಿಯೊಬ್ಬರೂ ತುಂಬುವ ಹಾಳೆ ಅದು: ನಿಮ್ಮನ್ನು ಯಾವ ಹೊತ್ತಿನಲ್ಲಿ ಕರೆಯಬಹುದು, ಕರೆದಾಗ ನಾವು ಯಾರೆಂದು ಹೇಳಬೇಕು, ಎಲ್ಲಿಗೆ ಕರೆಯಲೇಬಾರದು. ಶೂಹೇ ಒತ್ತಿ ಬರೆದಿದ್ದ. ಹನ್ನೆರಡೂ ಹತ್ತರಿಂದ ಹನ್ನೆರಡೂ ನಲವತ್ತು. ಕನ್ನಡಕದ ಅಂಗಡಿ. ಮನೆಗೆ ಬೇಡ. ಕೊನೆಯ ಎರಡು ಪದಗಳ ಕೆಳಗೆ ಎರಡು ಗೆರೆ ಎಳೆದಿದ್ದ.

"ತಾಯಿಗಿಂತ ಮೊದಲು ನಮ್ಮಿಂದ ಅವನಿಗೆ ತಿಳಿಯಬೇಕು" ಅಂದರು ಸೆನ್ಸೇ. "ನಾನು ಮಾತಾಡ್ತೀನಿ. ಇದು ನನ್ನ ಕೋಣೆ, ಹೊಣೆಯೂ ನನ್ನದು."

"ಹೊಣೆ ನಿಮ್ಮದು, ಸೆನ್ಸೇ. ಬಾಯಿ ನನ್ನದು. ನಾನೇ ಹೇಳ್ತೀನಿ, ನೀವು ಪಕ್ಕದಲ್ಲಿರಿ."

ಸೆನ್ಸೇ ಕುರ್ಚಿ ಎಳೆದುಕೊಂಡು ಕೂತರು. ಒಂದೇ ಎಚ್ಚರಿಕೆ ಕೊಟ್ಟರು: ಕ್ಷಮೆ ಕೇಳು, ಕ್ಷಮಿಸು ಅಂತ ಅವನನ್ನು ಪೀಡಿಸಬೇಡ, ಬುಧವಾರ ಬರ್ತೀಯಾ ಅಂತಲೂ ಕೇಳಬೇಡ.

ಹನ್ನೆರಡೂ ಹತ್ತಕ್ಕೆ ಕಿನುಕೊ ಕರೆ ಮಾಡಿದಳು. ಆಚೆ ಕಡೆ ಕಬ್ಬಿಣದ ಸದ್ದು, ಯಾರೋ ಜೋರಾಗಿ ನಗುವುದು ಕೇಳಿತು. ಕನ್ನಡಕದ ಅಂಗಡಿಯಿಂದ, ಈಗ ಮಾತಾಡಬಹುದೇ ಅಂದಳು. ಶೂಹೇ ಒಂದು ನಿಮಿಷ ಅಂದ, ಸದ್ದು ದೂರವಾಯಿತು. ಸುತ್ತಿಬಳಸದೆ ಹೇಳಿದಳು: ಡಬ್ಬಿ ಸಿಕ್ಕಿದ್ದು, ತಾನು ಅವನ ಮನೆಗೆ ಹೋದದ್ದು, ಕನ್ನಡಕದ ಅಂಗಡಿಯ ಮೇಲೆ ಅಂತ ಬಾಯಿಬಿಟ್ಟದ್ದು. ಇವತ್ತು ಅವನ ತಾಯಿ ಇಲ್ಲಿಗೆ ಬಂದದ್ದು. ತಪ್ಪು ಪೂರ್ತಿ ತನ್ನದು, ಸೆನ್ಸೇಯದ್ದಲ್ಲ.

"ರಾತ್ರಿ ಮನೆಗೆ ಹೋದ್ರೆ ಡಬ್ಬಿ ತೊಳೆದು ಬೋರಲು ಹಾಕಿತ್ತು. ನಾನೇ ಮನೇಲಿ ಬಿಟ್ಟು ಬಂದಿದ್ದೆ ಅಂದ್ಕೊಂಡೆ" ಅಂದ ಶೂಹೇ. ಆಮೇಲೆ ದನಿ ಗಟ್ಟಿಯಾಯಿತು. "ಐದು ತಿಂಗಳು. ನನ್ನ ಜೊತೆ ಕೆಲಸ ಮಾಡೋ ಒಬ್ಬನಿಗೂ ಗೊತ್ತಿಲ್ಲ. ಮನೆಗೆ ಬೇಡ ಅಂತ ಬರೆದಿದ್ದೆ ನಾನು."

"ಬರೆದಿದ್ರಿ. ಎರಡು ಗೆರೆ ಎಳೆದಿದ್ರಿ. ಆ ಹಾಳೆಯಲ್ಲಿ ಏನಿದೆ ಅಂತ ಸೆನ್ಸೇಯನ್ನ ಕೇಳೋಕೂ ಹೋಗ್ಲಿಲ್ಲ ನಾನು."

"ಇವತ್ತು ಅಮ್ಮನಿಗೆ ಏನು ಹೇಳಿದ್ರಿ?"

"ಯಾರು ಬರ್ತಾರೆ, ಯಾರು ಬರಲ್ಲ ಅಂತ ಯಾರಿಗೂ ಹೇಳೋದಿಲ್ಲ ಅಂತ. ಮೂರು ಸಲ. ನಿನ್ನೆ ನಾನು ಹೋದದ್ದು ತಪ್ಪು ಅಂತ ಒಂದು ಸಲ. ಬೇರೆ ಏನೂ ಇಲ್ಲ."

"ಅಮ್ಮ ಏನೇನು ಕೇಳಿದ್ರು?"

ಕಿನುಕೊ ಬಾಯಿ ತೆರೆದಳು. ಮಿಸೊ ಸಾರು, ಜಾಸ್ತಿ ಇಟ್ಟ ಮೊಟ್ಟೆಯ ಸುರುಳಿ, ನನ್ನಿಂದ ಏನಾದರೂ ಆಯಿತಾ ಅನ್ನುವ ಆ ಪ್ರಶ್ನೆ. ಎಲ್ಲವನ್ನೂ ಹೇಳಿಬಿಟ್ಟರೆ ಹುಡುಗನ ಸಿಟ್ಟು ಅಲ್ಲೇ ಕರಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಸೆನ್ಸೇಯ ಕಡೆ ತಿರುಗಿ ನೋಡುವ ಅಗತ್ಯ ಈ ಸಲ ಬೀಳಲಿಲ್ಲ.

"ಅದು ನಿಮ್ಮ ತಾಯಿಯ ಮಾತು, ತೊಕುನಾಗಾ-ಸಾನ್. ನಾನು ಸಾಗಿಸೋ ಹಾಗಿಲ್ಲ. ನಿಮಗೆ ಬೇಕಾದ್ರೆ ಅವರನ್ನೇ ಕೇಳಿ."

ಆಚೆಯಿಂದ ಒಂದು ಸದ್ದು ಬಂತು. ನಗುವೋ ಉಸಿರೋ ಗೊತ್ತಾಗಲಿಲ್ಲ.

"ಅಮ್ಮನ ಗುಟ್ಟೂ ಕಾಯ್ತೀರಾ ಹಾಗಾದ್ರೆ."

"ಕಾಯ್ತೀನಿ."

"ನಿನ್ನೆ ಬರಬಾರದಿತ್ತಾ ಈ ಬುದ್ಧಿ?"

"ಬರಬೇಕಿತ್ತು" ಅಂದಳು ಕಿನುಕೊ.

ಅವನು ಏನನ್ನೋ ಒದ್ದಂತೆ ಕಬ್ಬಿಣ ಸದ್ದಾಯಿತು. ತನಗೆ ಇನ್ನೂ ಸಿಟ್ಟಿದೆ ಅಂದ. ಇರಲಿ ಅಂದಳು. ಬುಧವಾರದ್ದನ್ನು ಬುಧವಾರ ನೋಡ್ತೀನಿ ಅಂದ. ಅದಕ್ಕೆ ಅವಳು ಹೂಂ ಕೂಡ ಅನ್ನಲಿಲ್ಲ.

"ಊಟದ ವಿರಾಮ ಇನ್ನು ಹದಿನೈದು ನಿಮಿಷ ಇದೆ. ಇಡ್ತೀನಿ. ಇನ್ನೊಂದು ಕರೆ ಮಾಡ್ಬೇಕು ನಾನು."

ಕಿನುಕೊ ಫೋನ್ ಇಟ್ಟಳು. ಸೆನ್ಸೇ, ನಡೆದ ತಪ್ಪಿನ ವರದಿ ಬರೆಯುವ ಹಾಳೆಯನ್ನು ಅವಳ ಮುಂದೆ ಸರಿಸಿ, ಪೆನ್ನನ್ನು ಅದರ ಮೇಲಿಟ್ಟು, ತಮ್ಮ ಕೋಣೆಗೆ ಹೋದರು. ಬರೆಯಲು ಬೆಳಕು ಬೇಕೆಂದು ಕಿನುಕೊ ಕಿಟಕಿಯ ಹತ್ತಿರ ಹೋದಳು. ರಸ್ತೆಯ ಆಚೆ, ಬಸ್ ನಿಲ್ದಾಣದ ತಗಡಿನ ನೆರಳಲ್ಲಿ ಹಿಸಾಯೊ ಇನ್ನೂ ಕೂತಿದ್ದರು. ಆ ದಾರಿಯ ಬಸ್ಸು ಹನ್ನೆರಡೂ ಮೂವತ್ತೈದಕ್ಕೆ. ನೋಡುತ್ತಿದ್ದಂತೆ ಅವರು ಚೀಲದೊಳಗೆ ಕೈಹಾಕಿ ತಡಕಾಡಿ, ಫೋನನ್ನು ಹೊರಗೆ ತೆಗೆದು, ಅದರ ಮೇಲೆ ಬಂದ ಹೆಸರನ್ನು ದೂರ ಹಿಡಿದು ಓದಿ, ಎದ್ದು ನಿಂತರು.

ಕಿನುಕೊ ಹಗ್ಗ ಎಳೆದು ಪರದೆಯನ್ನು ಪೂರ್ತಿ ಕೆಳಗಿಳಿಸಿದಳು. ಮೇಜಿನ ದೀಪ ಹಾಕಿಕೊಂಡು ಬರೆಯಲು ಕೂತಳು.