ಬೈಗುಳ ಸಿಗದವಳು

ಅವಳಿಗೆ ಮನೆಯಲ್ಲಿ ಇಟ್ಟ ಹೆಸರು ಗಲಗಲ. ಅವಳು ಬಾಯಿ ಮುಚ್ಚಿದರೆ ಮನೆಗೇ ಕರೆಂಟ್ ಹೋದಂತೆ ಎನ್ನುತ್ತಿದ್ದಳು ಅಮ್ಮ. ಕಾಲೇಜಿನ ಅದಲು-ಬದಲು ಯೋಜನೆಯಲ್ಲಿ ಅವಳು ಒಂದು ವರ್ಷ ಓದಲು ಈ ಪರದೇಶಕ್ಕೆ ಬಂದು ಒಂದು ಮನೆಯಲ್ಲಿ ಉಳಿದುಕೊಂಡಳು. ಈ ಮನೆಯ ಮಗಳು ಅವಳ ಮನೆಗೆ ಹೋದಳು. ಇವಳ ಮಂಚ ಅವಳಿಗೆ, ಅವಳ ಮಂಚ ಇವಳಿಗೆ.

ಇಲ್ಲಿಯ ಆಂಟಿ ಬೈಯುವುದರಲ್ಲಿ ಎತ್ತಿದ ಕೈ. ಒದ್ದೆ ಕೊಡೆಯನ್ನು ಸೋಫಾ ಮೇಲೆ ಇಟ್ಟಿದ್ದಕ್ಕೆ ಅಂಕಲ್‌ಗೆ ಸಹಸ್ರನಾಮವೇ ಆಗಿತ್ತು. ಗಲಗಲಗೆ ಮಾತ್ರ ಬರೀ ನಗು, ಬರೀ ಥ್ಯಾಂಕ್ಸ್. ತಟ್ಟೆ ಎತ್ತಲು ಹೋದರೂ ಕೈಯಿಂದ ಕಸಿದುಕೊಳ್ಳುತ್ತಿದ್ದರು. ತಿಂಗಳುಗಳು ಕಳೆದರೂ ಅವಳು ಅತಿಥಿಯೇ. ಒಂದೇ ಒಂದು ಸಲ ಮನೆಮಗಳಂತೆ ತನ್ನನ್ನು ಗದರಲಿ ಎಂದು ಅವಳ ಜೀವ ಬಾಯಿಬಿಡುತ್ತಿತ್ತು.

ಒಂದು ಭಾನುವಾರ ಅವರಿಬ್ಬರೂ ಹೊರಗೆ ಹೋದದ್ದೇ ತಡ, ಅಡುಗೆಮನೆಗೆ ನುಗ್ಗಿದಳು. ಸಿಂಕಿನಲ್ಲೊಂದು ಬಾಣಲೆ, ಒಳಗೆಲ್ಲ ಕರ್ರಗೆ. ಪಾಪ, ಯಾವ ಕಾಲದ ಮಸಿಯೋ! ಪಾತ್ರೆಯಲ್ಲಿ ಮುಖ ಕಾಣದಿದ್ದರೆ ಅದು ತೊಳೆದಂತೆಯೇ ಅಲ್ಲ ಎಂದು ಅಮ್ಮ ಕಲಿಸಿದ್ದಳು. ಸ್ಟೀಲ್ ನಾರು ಹಿಡಿದು ತೋಳು ಬಿದ್ದುಹೋಗುವಂತೆ ತಿಕ್ಕಿ, ಬೆಳ್ಳಿಯ ಹಾಗೆ ಹೊಳೆಸಿ ಇಟ್ಟಳು.

ಆಂಟಿ ಬಂದವರೇ ಬಾಣಲೆ ನೋಡಿ ನಿಂತುಬಿಟ್ಟರು. ಅದು ಮಸಿಯಲ್ಲ, ಅಡುಗೆ ತಳ ಹಿಡಿಯದಿರಲೆಂದು ಹಾಕಿದ ಲೇಪ ಎಂದು ಅಂಕಲ್ ಮೆಲ್ಲಗೆ ಹೇಳಿದರು. ಗಲಗಲಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಒಳಗೊಳಗೇ ಹಿಗ್ಗು. ಈಗ ಬೀಳುತ್ತೆ ನೋಡು.

"ಪರವಾಗಿಲ್ಲ ಬಿಡಿ," ಆಂಟಿ ನಕ್ಕರು. "ನಿಮಗೆ ಹೇಗೆ ಗೊತ್ತಾಗ್ಬೇಕು?"

ಬಾಣಲೆ ಕಸದ ಬುಟ್ಟಿಗೆ ಹೋಯಿತು. ಅಡುಗೆಮನೆಯ ಬಾಗಿಲು ಅವಳ ಪಾಲಿಗೆ ಮುಚ್ಚಿಕೊಂಡಿತು.

ಕೋಣೆಗೆ ಓಡಿ ಅಮ್ಮನಿಗೆ ಫೋನ್ ಮಾಡಿದಳು. ಎತ್ತಿದ ಅಮ್ಮ ಅತ್ತ ತಿರುಗಿ ಕೂಗುತ್ತಿದ್ದಳು: "ಲೇ ಕತ್ತೆ, ಹಾಲು ಉಕ್ಕಿ ಹೋಗ್ತಿದೆ, ಕಣ್ಣು ಕಾಣಲ್ವಾ?" ಅಲ್ಲಿಂದ ಆಂಟಿಯ ಮಗಳ ಕಿಲಕಿಲ ನಗು, ಮುರುಕು ಕನ್ನಡದಲ್ಲಿ "ಬಂದೆ ಅಮ್ಮಾ."

ಕತ್ತೆ ಎನ್ನುವುದು ಹುಟ್ಟಿದಾಗಿನಿಂದ ಗಲಗಲಗೆ ಮೀಸಲಾದ ಬಿರುದಾಗಿತ್ತು.

ಬಾಣಲೆಯ ಕಥೆಯನ್ನೆಲ್ಲ ಹೇಳಿದಳು. ಹೋಗಲಿ ಬಿಡು ಚಿನ್ನ ಎಂದಳು ಅಮ್ಮ.

"ಅಮ್ಮಾ, ನೀನಾದ್ರೂ ಒಂದ್ಸಲ ಬೈಯಮ್ಮ."

"ದೂರ ಇರೋ ಮಕ್ಕಳನ್ನ ಯಾರಾದ್ರೂ ಬೈತಾರಾ? ಹುಷಾರಾಗಿರು. ಫೋನ್ ಇಡ್ಲಾ? ಒಲೆ ಮೇಲೆ ಹಾಲಿದೆ."

ಸಂಜೆ ಊಟಕ್ಕೆ ಕರೆದರು. ಒಲೆಯ ಮೇಲೆ ಹೊಸ ಬಾಣಲೆ. ಆಂಟಿ ಕುರ್ಚಿ ಎಳೆದು ಕೂರಿಸಿದರು. ಅಷ್ಟರಲ್ಲಿ ಅಂಕಲ್ ಕೈಯಿಂದ ಚಮಚ ಜಾರಿತು. ಆಂಟಿ ಶುರು ಹಚ್ಚಿಕೊಂಡರು. ಹಸಿದವಳು ಪಕ್ಕದ ಮನೆಯ ಒಗ್ಗರಣೆಯ ವಾಸನೆ ಹೀರುವ ಹಾಗೆ, ಗಲಗಲ ತಲೆ ತಗ್ಗಿಸಿ, ತುಟಿ ಬಿಚ್ಚದೆ ಕೇಳುತ್ತಾ ಕೂತಳು.