ಕೆಂಪು ಗೀಟು

ಕೈ ಒರೆಸೋ ಬಟ್ಟೆಯಲ್ಲಿ ಇದೇನು ಕೆಂಪು, ರಕ್ತವಾ, ಇಲ್ಲ, ಬೆರಳೆಲ್ಲಾ ನೆಟ್ಟಗಿವೆ, ತಿಕ್ಕಿದರೆ ಪುಡಿಪುಡಿ — ಬಳಪ, ಅಯ್ಯೋ, ಗೀಟಿನ ಬಳಪ, ಅನುಮಾನ ಬಂದ ಪ್ಲೇಟಿಗೆ ಕೆಂಪು ಗೀಟು, ನಮ್ಮ ವರ್ಕ್‌ಶಾಪಿನ ವೇದವಾಕ್ಯ, ಗೀಟಿದ್ದದ್ದನ್ನ ತೊಳೀಬೇಡ ಕಣೇ, ಅಪ್ಪ ಸಾವಿರ ಸಲ ಹೇಳಿದ್ದು, ನಾನೋ ಚೊಕ್ಕತನದ ಮಹಾರಾಣಿ, ಬೆಳಿಗ್ಗೆ ಬೆಂಚಿನ ಮೇಲಿದ್ದ ಎರಡು ಪ್ಲೇಟನ್ನೂ ನೋಡದೆ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ ಫಳಫಳ ಮಾಡಿಟ್ಟೆ, ತಮ್ಮನ ಕಾರಿಗೆ ಎಂಜಿನ್ ಕೂರಿಸೋ ಪ್ಲೇಟು, ಅವನ ಮೊದಲ ದೊಡ್ಡ ರೇಸು, ಹೊಳೀಲಿ ಅಂತ — ಎರಡೂ ಅವಳಿಜವಳಿ, ಒಂದಕ್ಕೆ ಮಾತ್ರ ಮೂಲೆಯ ತೂತಿನ ಹತ್ತಿರ ಕೂದಲೆಳೆಯಷ್ಟು ಬಿರುಕು, ಅದಕ್ಕೇ ನಿನ್ನೆ ಗೀಟು ಬಿದ್ದಿದ್ದು, ನಾನು ಯಾವುದನ್ನ ಬಿಗಿದೆ, ಬೋಲ್ಟು ತಿರುಗಿಸುವಾಗ ಏನೂ ಅನ್ನಿಸಲಿಲ್ಲ, ಹೇಗೆ ಅನ್ನಿಸುತ್ತೆ, ಕತ್ತೆ, ಗಮನವೆಲ್ಲಾ ಅವನ ಹೊಸ ಹೆಲ್ಮೆಟ್ಟಿನ ಮೇಲೆ, ಇನ್ನೊಂದು ಪೆಟ್ಟಿಗೆಯಲ್ಲಿದೆ, ತೆಗಿ, ಉಗುರು ಆಡಿಸು, ಎಲ್ಲಾದರೂ ಒಂಚೂರು ತಡೀಲಿ ದೇವರೇ — ಜಾರುತ್ತೆ, ನಾಲ್ಕೂ ಮೂಲೆ ಬೆಣ್ಣೆ, ಹಾಗಾದರೆ ಬಿರುಕಿನದು ಅಲ್ಲಿ, ಟ್ರ್ಯಾಕಿನಲ್ಲಿ ಓಡ್ತಿರೋ ಕಾರಲ್ಲಿ, ಅವನ ಬೆನ್ನ ಹಿಂದೆ, ಅಷ್ಟು ಭಾರದ ಎಂಜಿನ್ ಹೊತ್ತುಕೊಂಡು, ಆ ವೇಗದಲ್ಲಿ, ಹೇಳು, ಬಾಯಿ ಬಿಡು, ಅಪ್ಪನ ಕಾಲದ ಮೇಸ್ತ್ರಿ, ಅವರ ತೋಳು ಹಿಡಿದು ಹೇಳಿಬಿಟ್ಟೆ, ಬೈಯೋಕೂ ನಿಲ್ಲದೆ ಬೋರ್ಡಿಗೆ ಓಡಿದರು, ತಮ್ಮನ ಕಿವಿಯ ರೇಡಿಯೊ ಬೇರೆ ಎರಡನೇ ಸುತ್ತಿಗೇ ಸತ್ತಿದೆ, ಬಿಳಿ ಬೋರ್ಡು ಎತ್ತಿದರು, ಒಳಗೆ ಬಾ ಅಂತ ಬರೆದು, ತಮ್ಮ ನೋಡಿದ, ತಲೆ ಅಲ್ಲಾಡಿಸಿದ, ಹೋದ, ಹೋಗೇಬಿಟ್ಟ, ಎಲ್ಲರಿಗಿಂತ ಮುಂದಿದ್ದಾನಲ್ಲ, ಉಳಿದಿರೋದು ಎರಡೇ ಸುತ್ತು, ಯಾಕೆ ಬಂದಾನು, ಹಠಮಾರಿ ಮುಂಡೇದು, ಚಿಕ್ಕವನಿದ್ದಾಗ ನನ್ನ ಬೆನ್ನಿಗೇ ಕೆಂಪು ಗೀಟು ಎಳೆದು ಅಪ್ಪಾ ಅಕ್ಕ ಅನುಮಾನದ ಮಾಲು, ಗಾಡಿಗೆ ಹಾಕಬೇಡಿ ಅಂತ ಬಿದ್ದು ಬಿದ್ದು ನಗುತ್ತಿದ್ದ — ಗೀಟಿನ ಅರ್ಥ ಅವನಿಗೆ ಗೊತ್ತು, ಅಕ್ಷರ ಕಲಿಯೋ ಮೊದಲೇ ಗೊತ್ತು, ಕೊಡಿ ಮೇಸ್ತ್ರಿ ಬೋರ್ಡು, ಏಪ್ರನ್ ಜೇಬಲ್ಲಿ ಬಳಪ, ಮೂಲೆಯಿಂದ ಮೂಲೆಗೆ, ದಪ್ಪಗೆ, ಮುರೀತು, ತುಂಡಲ್ಲೇ ಎಳೆ, ಎತ್ತು, ಇನ್ನೂ ಮೇಲೆ, ತಿರುವಿನಿಂದ ಸದ್ದು ಬರ್ತಿದೆ, ಅವನದೇ, ಗೆಲ್ಲೋದು ಬೇಡ ಪುಟ್ಟಾ, ಬೈಕೋ, ಜನ್ಮಪೂರ್ತಿ ಮಾತು ಬಿಡು, ಇದೊಂದು ನೋಡು, ನೋಡೋ — ಗೀಟು, ಕೆಂಪು ಗೀಟು, ಕೆಂಪು