ಗುಂಡುಸೂಜಿಯ ಎರಡು ಕಾಲು

ಡ್ರಿಲ್ ಮೇಷ್ಟ್ರು ಸೀಟಿ ಊದಿದರೆ ಏಳು ಬೀದಿ ಆಚೆಗಿನ ನಾಯಿಗಳೂ ಸಾಲಾಗಿ ನಿಲ್ಲುತ್ತಿದ್ದವು. ಬರೀ ಹುಬ್ಬು ಹಾರಿಸಿ ಮುನ್ನೂರು ಮಕ್ಕಳನ್ನು ಎಡಕ್ಕೆ ತಿರುಗಿಸಬಲ್ಲ ಅಂಥ ಮನುಷ್ಯ ಆ ಗುರುವಾರ ಬೆಳಿಗ್ಗೆ ಮೂರನೇ ಕ್ಲಾಸಿನ ಬೋರ್ಡಿನ ಮೇಲೆ ಎಳೆದ ಗೆರೆ, ಭೂಕಂಪ ಅಳೆಯುವ ಯಂತ್ರದ ಗೆರೆಯಂತೆ ಅಂಕುಡೊಂಕಾಗಿತ್ತು.

ಬರೀ ಆಟ ಆಡಿಸಲು ಇನ್ನು ಯಾರನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ಹೆಡ್‌ಮಿಸ್ಸು ಸೋಮವಾರವೇ ಹೇಳಿದ್ದರು. “ಲೆಕ್ಕನೂ ಹೇಳಿಕೊಟ್ರೆ ಉಳ್ಕೋತೀರಿ ಮೇಷ್ಟ್ರೇ. ಗುರುವಾರ ಇನ್‌ಸ್ಪೆಕ್ಟರ್ ಮೇಡಂ ಬಂದು ಹಿಂದೆ ಕೂರ್ತಾರೆ. ಅವರು ‘ಆಗಲ್ಲ’ ಅಂತ ಬರೆದ್ರೆ ನನ್ನ ಕೈಲೇನಿಲ್ಲ.” ಪಾಠ: ಅರ್ಧ, ಕಾಲು, ಮುಕ್ಕಾಲು.

ಮೂರು ದಿನ ಮನೆಯಲ್ಲಿ ಅಕ್ಕನೇ ಗುರು. ಬಟ್ಟೆ ಹೊಲಿಯುವ ಅಕ್ಕ ತುಂಡು ಬಟ್ಟೆಗಳನ್ನು ಮಡಿಸಿ ತೋರಿಸಿ ತೋರಿಸಿ ಮನೆಯಲ್ಲಿ ಮಡಿಸದೆ ಉಳಿದ ವಸ್ತು ಎಂದರೆ ಗೋಡೆ ಮಾತ್ರ ಎನ್ನುವಂತಾಗಿತ್ತು. “ಇಡೀದನ್ನ ನಾಲ್ಕು ಸಮ ಮಾಡು, ಅದರಲ್ಲೊಂದು ಹಿಡಿ, ಅದು ಕಾಲು. ಅಷ್ಟೇ ಕಣೋ! ನಿನಗಿಂತ ಈ ಹೊಲಿಗೆ ಮೆಷಿನ್ನಿಗೇ ಬೇಗ ಅರ್ಥ ಆಯ್ತು.” ಗುರುವಾರ ಬೆಳಿಗ್ಗೆ ಮೇಷ್ಟ್ರು ಚಪ್ಪಲಿ ಮೆಟ್ಟುವಾಗ ಅವಳು ಕೇಳಿದ್ದು ಒಂದೇ ಮಾತು: “ಮಕ್ಕಳು ಏನಾದ್ರೂ ಅಡ್ಡ ಪ್ರಶ್ನೆ ಕೇಳಿದ್ರೆ?”

ಇನ್‌ಸ್ಪೆಕ್ಟರ್ ಮೇಡಂ ಬಂದರು. ಕುರ್ಚಿ ಸಿಗದೆ ಡ್ರಾಯಿಂಗ್ ರೂಮಿನ ಮುಕ್ಕಾಲಿಯ ಮೇಲೇ ಕೂತು ಪೆನ್ನಿನ ಮುಚ್ಚಳ ತೆಗೆದರು. ಆ ಟಕ್ ಸದ್ದು ಮೇಷ್ಟ್ರಿಗೆ ತೋಪು ಹಾರಿಸಿದಂತೆ ಕೇಳಿಸಿತು.

ಮೊದಲು ಎಲ್ಲ ಸರಿಯಾಗೇ ನಡೆಯಿತು. ಕಾಗದ ಮಡಿಸಿದರು, ಬಿಡಿಸಿದರು. “ಎರಡು ಸಮಭಾಗದಲ್ಲಿ ಒಂದು?” “ಅರ್ಧ!” “ನಾಲ್ಕರಲ್ಲಿ ಒಂದು?” “ಕಾಲು!” ಚಾವಣಿ ಹಾರಿಹೋಗುವ ಹಾಗೆ ಕೂಗಿದವು ಮಕ್ಕಳು. ಮೇಷ್ಟ್ರ ಎದೆಬಡಿತ ಇನ್ನೂರರಿಂದ ನೂರೆಂಬತ್ತಕ್ಕೆ ಇಳಿಯಿತು.

ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಕ್ಲಾಸಿಗೇ ಚಿಕ್ಕವಳು, ಮಾತು ಮಾತ್ರ ನೇರ ಒಳಗೆ ಇಳಿಯುವಂಥದ್ದು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗುಂಡುಸೂಜಿ.

“ಸಾರ್, ನಾಲ್ಕು ಕಾಲು ಸೇರಿದ್ರೆ ಒಂದು, ಅಲ್ವಾ?”

“ಹೌದು ಪುಟ್ಟೀ.”

“ನನಗೆ ಇರೋದೇ ಎರಡು ಕಾಲು. ಹಾಗಾದ್ರೆ ನಾನು ಅರ್ಧನಾ?”

ಆಮೇಲೆ ಶುರುವಾಯಿತು ನೋಡಿ.

“ಸಾರ್, ನಾಯಿ ಒಂದು!”

“ಇರುವೆಗೆ ಆರು ಕಾಲು! ಇರುವೆ ಒಂದೂವರೆ ಸಾರ್!”

“ಜೇಡ ಎರಡು ಕಣ್ರೋ!”

“ಹಾವು ಸೊನ್ನೆ!”

“ಮೇಡಂ ಕೂತಿರೋ ಮುಕ್ಕಾಲಿ ಮುಕ್ಕಾಲು!”

“ಸಾರ್, ನೀವೂ ಅರ್ಧನೇ!”

ಬೆವರು ಎಷ್ಟು ಸುರಿಯಿತೆಂದರೆ ಮುಂದಿನ ಬೆಂಚಿನವರು ದೋಣಿ ಬಿಡಬಹುದಿತ್ತು. ಲೆಕ್ಕವೆಲ್ಲ ಸರಿ, ಒಂದೂ ತಪ್ಪಿಲ್ಲ. ಆದರೂ ಎಲ್ಲ ತಪ್ಪು. ತಪ್ಪು ಎಲ್ಲಿದೆ ಎಂಬುದೇ ಮೇಷ್ಟ್ರಿಗೆ ಹೊಳೆಯುತ್ತಿಲ್ಲ. ಹಿಂದೆ ಪೆನ್ನು ಸರಸರನೆ ಓಡುತ್ತಿತ್ತು. ಏನು ಬರೆಯುತ್ತಿದ್ದಾರೆ ಇಷ್ಟುದ್ದ? ‘ಆಗಲ್ಲ’ ಎನ್ನಲು ಮೂರೇ ಅಕ್ಷರ ಸಾಕಲ್ಲ! ಕೈ ತಾನಾಗಿ ಕೊರಳಿನ ಸೀಟಿಗೆ ಹೋಯಿತು. ಒಂದು ಸಲ ಊದಿದರೆ ಎಲ್ಲರ ಬಾಯಿ ಬಂದ್. ಆದರೆ ಗುಂಡುಸೂಜಿ ಕಣ್ಣು ಕೀಳದೆ ನೋಡುತ್ತಿದ್ದಳು. ತಾನು ಅರ್ಧವೋ ಅಲ್ಲವೋ ಎಂಬ ಚಿಂತೆ ಅವಳಿಗೆ ನಿಜವಾಗಿಯೂ ಹತ್ತಿಕೊಂಡಿತ್ತು.

ಸೀಟಿ ಬಿಟ್ಟು, ಮೇಷ್ಟ್ರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯಾದ ಕವಾಯತಿಗೇ ಕೈಹಾಕಿದರು.

“ಎದ್ದು ನಿಲ್ಲು. ಒಂದು ಕಾಲು ಎತ್ತು.”

ಎತ್ತಿದಳು. ವಾಲಾಡಿದಳು.

“ನಿನ್ನ ಕಾಲುಗಳನ್ನೆಲ್ಲ ಸೇರಿಸಿ ಇಡೀದು ಅನ್ಕೋ. ಅದರಲ್ಲಿ ಎಷ್ಟು ಭಾಗ ಮೇಲಿದೆ?”

“ಕಾಲು ಸಾರ್... ಅಲ್ಲ...” ಎತ್ತಿದ ಪಾದವನ್ನೇ ದಿಟ್ಟಿಸಿದಳು. “ಎರಡರಲ್ಲಿ ಒಂದು... ಅರ್ಧ! ಸಾರ್, ನನ್ನ ಕಾಲು ಕಾಲಲ್ಲ, ಅರ್ಧ!”

“ನಾಯಿದು?”

“ನಾಯಿ ಕಾಲು ಮಾತ್ರ ಕಾಲು!”

“ಜೇಡದ್ದು?”

“ಎಂಟರಲ್ಲಿ ಒಂದು. ಪಾಪ, ಚೂರೇ ಚೂರು.” ಕಾಲು ಕೆಳಗಿಟ್ಟು ನಿರಾಳವಾಗಿ ಕೂತಳು. “ಹಾಗಾದ್ರೆ ನಾನು ಪೂರ್ತಿನೇ.”

ಅಷ್ಟರಲ್ಲಿ ಕ್ಲಾಸಿಗೆ ಕ್ಲಾಸೇ ಒಂಟಿಕಾಲಿನಲ್ಲಿ ನಿಂತಿತ್ತು. ಇಬ್ಬರು ಬಿದ್ದರು. ಇನ್‌ಸ್ಪೆಕ್ಟರ್ ಮೇಡಂ ಎದ್ದು ಬಂದರು.

“ಈ ಕಾಲೆತ್ತಿಸೋದು ಯಾವ ಪುಸ್ತಕದಲ್ಲಿದೆ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಒಳ್ಳೇ ದಪ್ಪ ಪುಸ್ತಕದ ಹೆಸರೇ ಬಂದಿತ್ತು. “ಯಾವುದರಲ್ಲೂ ಇಲ್ಲ ಮೇಡಂ. ಅವಳು ಕೇಳಿದಾಗ ಉತ್ತರ ನನಗೂ ಗೊತ್ತಿರಲಿಲ್ಲ. ಅವಳ ಜೊತೆಗೇ ಗೊತ್ತಾಯ್ತು.” ಅಂದ ಮರುಕ್ಷಣವೇ ಆ ಮಾತನ್ನು ನುಂಗಿಬಿಡಬೇಕು ಎನ್ನಿಸಿತು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಗಂಟೆ ಹೊಡೆಯಿತು.

ಹೆಡ್‌ಮಿಸ್ಸಿನ ರೂಮಿನ ಹೊರಗೆ ಕಾದ ಇಪ್ಪತ್ತು ನಿಮಿಷದಲ್ಲಿ ಮೇಷ್ಟ್ರು ಇಪ್ಪತ್ತು ವರ್ಷ ಮುದುಕರಾದರು. ಕೊನೆಗೆ ಹೆಡ್‌ಮಿಸ್ಸು ಒಳಗೆ ಕರೆದು, ಇನ್‌ಸ್ಪೆಕ್ಟರ್ ಮೇಡಂ ಬರೆದಿಟ್ಟುಹೋದ ತಪಾಸಣೆ ಪುಸ್ತಕ ತಿರುಗಿಸಿ ತೋರಿಸಿದರು. ‘ಪಾಠ ಅರ್ಧಕ್ಕೇ ನಿಂತಿದೆ’ ಎಂದಿತ್ತು ಮೊದಲ ಸಾಲು. ಕಣ್ಣು ಕತ್ತಲೆ ಬಂತು. ಎರಡನೇ ಸಾಲು ಕಾಣಲು ಮೇಜು ಹಿಡಿದುಕೊಳ್ಳಬೇಕಾಯಿತು: ‘ಮುಕ್ಕಾಲಿನ ಪಾಠ ಬಾಕಿ. ಮುಗಿಸಲು ಇವರೇ ಇರಲಿ.’

“ಇರಲಿ ಅಂದ್ರೆ... ಇರಲಿ ಅಂತಾನೇ ತಾನೇ ಮಿಸ್ಸೇ? ‘ಹೋಗ್ಲಿ, ಇರಲಿ ಬಿಡಿ’ ಅನ್ನೋ ಇರಲಿ ಅಲ್ವಲ್ಲ?”

“ಅಯ್ಯೋ ಮಹಾರಾಯ್ರೇ, ಇರಲಿ ಅಂದ್ರೆ ಇರಿ ಅಂತ!”

ಆದರೂ ಮೇಷ್ಟ್ರು ನಿಂತಲ್ಲೇ ಆ ಸಾಲನ್ನು ಬೆರಳಿಟ್ಟುಕೊಂಡು ಸಾವಿರದ ನೂರು ಸಲ ಓದಿದರು. ಸಾವಿರದ ನೂರಾ ಒಂದನೇ ಸಲಕ್ಕೆ ಹೆಡ್‌ಮಿಸ್ಸು ಪುಸ್ತಕ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

“ಅಳಿಸಿ ಹೋಗುತ್ತೆ. ನಡೀರಿ, ಕ್ಲಾಸಿಗೆ.”